ಮೊಣಕಾಲು ತಟ್ಟಿದವರಿಗೆ ಪೇಟಿ

ಇಡೀ ಜನ್ಮದಲ್ಲಿ ನನ್ನ ಹೆಸರು ಅಚ್ಚಾಗಿದ್ದು ಒಂದೇ ಸಲ. ಅದೂ ಒಂದು ಭಜನೆ ಕ್ಯಾಸೆಟ್ಟಿನ ಹೊದಿಕೆಯ ಮೇಲೆ, ಹಾರ್ಮೋನಿಯಂ ಎಂಬ ಮಾತಿನ ಮುಂದೆ. ನಾನು ತಬಲಾದವನು. ಹೊಟ್ಟೆಪಾಡಿಗೆ ಅಫಜಲಪುರದ ಬಸ್ ನಿಲ್ದಾಣದ ಹಿಂದೆ ಹೊಲಿಗೆ ಅಂಗಡಿ ಇಟ್ಟಿದ್ದೆ, ಜೀವಕ್ಕೆ ತಬಲಾ ಇಟ್ಟುಕೊಂಡಿದ್ದೆ. ಆ ಕ್ಯಾಸೆಟ್ ನೋಡಿದವರೆಲ್ಲ, "ಅಲ್ರಿ, ನೀವು ತಬಲಾದವರು, ಇದ್ಯಾಕ್ರಿ ಪೇಟಿ ಅಂತ ಹಾಕ್ಯಾರ" ಎಂದು ಕೇಳುತ್ತಾರೆ. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುವುದೇ ರೂಢಿ. ಮೊದಮೊದಲು ಅಚ್ಚಿನ ತಪ್ಪು ಎಂದು ಹೇಳಿ ಸಾಗಹಾಕುತ್ತಿದ್ದೆ. ಈಗ ವಯಸ್ಸಾಗಿದೆ, ಯಾರಿಗೆ ಯಾವ ಸುಳ್ಳು ಹೇಳಿದ್ದೆ ಎಂದು ನೆನಪಿಟ್ಟುಕೊಳ್ಳುವುದೇ ದೊಡ್ಡ ಕೆಲಸ. ಹಾಗಾಗಿ ನಡೆದದ್ದನ್ನು ನಡೆದಂತೆ ಬರೆದುಬಿಡುತ್ತೇನೆ.

ನಮ್ಮ ಭಜನಾ ಮೇಳದ ಪೇಟಿ ಅಂದರೆ ಪೇಟಿ ಮಾಸ್ತರು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರ ಬೆರಳುಗಳಿಗೆ ಎಷ್ಟು ಕರುಣೆ ಇತ್ತೋ ನಾಲಗೆಗೆ ಅಷ್ಟೇ ಇರಲಿಲ್ಲ. ನಾನು ಒಂದು ಮಾತ್ರೆ ಹಿಂದೆ ಬಿದ್ದರೆ ಸಾಕು, ಭಜನೆಯ ಪದ ನಡೆದಿರುವಾಗಲೇ, ಸ್ವರ ಬಿಡದೆ, ತುಟಿ ಅಲುಗಿಸದೆ ಬೈಯುತ್ತಿದ್ದರು. "ಲೇ, ತಬಲಾ ಬಾರಸಾಕತ್ತೀಯೋ, ಗುಂಡಿ ಹಚ್ಚಾಕತ್ತೀಯೋ?" ಎದುರಿಗೆ ಕೂತ ಭಕ್ತರು ಮಾಸ್ತರು ಮಂತ್ರ ಹೇಳುತ್ತಿದ್ದಾರೆ ಎಂದುಕೊಂಡು ಕೈ ಮುಗಿಯುತ್ತಿದ್ದರು. ನಾನೂ ಕಡಿಮೆಯವನಲ್ಲ, ಮುಂದಿನ ಆವರ್ತನದಲ್ಲಿ ಬೇಕೆಂದೇ ಎಡಗೈಯ ದಪ್ಪ ತುಂಡು ಬಾಯಾವನ್ನು ಜೋರಾಗಿ ಗುದ್ದಿ ಅವರ ಸ್ವರ ಮುಚ್ಚಿಬಿಡುತ್ತಿದ್ದೆ. ಹೀಗೆ ಇಪ್ಪತ್ತು ವರ್ಷ ನಾವಿಬ್ಬರೂ ಬಹಳ ಅನ್ಯೋನ್ಯವಾಗಿದ್ದೆವು.

ಇಲ್ಲಿ ನಮ್ಮ ಸಪ್ತಾಹದ ಪದ್ಧತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಶ್ರಾವಣದಲ್ಲಿ ಮಠದೊಳಗೆ ಏಳು ದಿನ ಭಜನೆ. ಏಳು ದಿನವೂ ನಾದ ಕಡಿಯಬಾರದು. ಆದರೆ ನುಡಿಸುವವರು ಮನುಷ್ಯರು; ಚಹಾ ಬೇಕು, ನಿದ್ದೆ ಬೇಕು, ಬಯಲ ಕಡೆ ಹೋಗಬೇಕು. ಅದಕ್ಕೊಂದು ನೇಮ. ವಾದ್ಯ ತೆಗೆದುಕೊಳ್ಳುವವನು ಪಕ್ಕದಲ್ಲಿ ಬಂದು ಕೂತು ನುಡಿಸುವವನ ಮೊಣಕಾಲನ್ನು ತಟ್ಟಬೇಕು. ತಟ್ಟಿಸಿಕೊಂಡವನು ಇಲ್ಲ ಎನ್ನುವಂತಿಲ್ಲ. ಸ್ವರ ನಿಲ್ಲದ ಹಾಗೆ ವಾದ್ಯವನ್ನು ಅವನ ಮುಂದಕ್ಕೆ ಸರಿಸಿ, ಅವನ ಕೈಯಲ್ಲಿದ್ದದ್ದನ್ನು ತಾನು ತೆಗೆದುಕೊಳ್ಳಬೇಕು. ಪದ ಮುಗಿದರೂ ನಿಲ್ಲಿಸುವಂತಿಲ್ಲ, ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಬೇಕು. ಹೀಗಾಗಿ ಎಲ್ಲರಿಗೂ ಎಲ್ಲ ವಾದ್ಯವೂ ಒಂದಿಷ್ಟು ಬರುತ್ತಿತ್ತು. ನಾನು ಪೇಟಿ ಕಲಿತದ್ದು ಮಾಸ್ತರು ಊಟಕ್ಕೆ ಎದ್ದಾಗ. ಊಟ ಮುಗಿಸಿ ಬಂದವರು ಮೊಣಕಾಲನ್ನು ತಟ್ಟುತ್ತಿರಲಿಲ್ಲ, ಹೊಡೆಯುತ್ತಿದ್ದರು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಊರೂರಿಗೆ ಟೇಪ್ ರೆಕಾರ್ಡರ್ ಬಂದಿತ್ತು. ಆಳಂದದಲ್ಲಿ ಒಬ್ಬರು ರೆಕಾರ್ಡಿಂಗ್ ಕೋಣೆ ತೆರೆದಿದ್ದಾರಂತೆ ಎಂಬ ಸುದ್ದಿ ಬಂತು, ನಾವೂ ಒಂದು ಕ್ಯಾಸೆಟ್ ಮಾಡಬೇಕೆಂದು ನಿಶ್ಚಯವಾಯಿತು. ಅಷ್ಟರಲ್ಲಿ ಮಾಸ್ತರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಆರು ತಿಂಗಳಿಗೆ ಕಾಲು ಎಳೆದುಕೊಂಡು ನಡೆಯುವಂತಾದರು, ಬೈಗುಳವಂತೂ ಮೂರೇ ವಾರಕ್ಕೆ ಮೊದಲಿನ ಹದಕ್ಕೆ ಬಂತು. ಬಲಗೈ ಮಾತ್ರ ಬರಲಿಲ್ಲ. ಎಡಗೈಯಿಂದಲಾದರೂ ನುಡಿಸಿರೆಂದು ಯಾರೋ ಅಂದದ್ದಕ್ಕೆ, "ಅರ್ಧ ಮೀಸಿ ಬೋಳಿಸ್ಕೊಂಡು ಸಂತಿಗೆ ಹೋಗಂತೀಯೇನು" ಎಂದು ಅವನನ್ನು ಮನೆಯಿಂದ ಅಟ್ಟಿದರು. ಆಮೇಲೆ ಎರಡು ಶ್ರಾವಣ ಬಂದುಹೋದವು. ಮಾಸ್ತರು ಸಪ್ತಾಹಕ್ಕೆ ಬಂದು ಗೋಡೆಗೆ ಆತು ಕೂಡುತ್ತಿದ್ದರು. ಯಾರ ಮೊಣಕಾಲನ್ನೂ ತಟ್ಟಲಿಲ್ಲ. ನಾವೂ ಅವರ ಮೊಣಕಾಲಿನಿಂದ ಒಂದು ಮೊಳ ದೂರ ಕೂಡುತ್ತಿದ್ದೆವು.

ಕ್ಯಾಸೆಟ್ಟಿನ ಮಾತು ಮತ್ತೆ ಎದ್ದಾಗ ಪೇಟಿ ಯಾರು ಎಂಬ ಪ್ರಶ್ನೆ ಬಂತು. ಎಲ್ಲರೂ ನೆಲ ನೋಡಿದರು. ಮಾಸ್ತರು ನನ್ನತ್ತ ಗದ್ದ ಎತ್ತಿ, "ಇಂವಾ ಬಾರಸ್ಲಿ. ಮಂದಿ ಹೆಂಗೂ ಕ್ಯಾಸೆಟ್ಟು ಬಂದ್ ಮಾಡಬಹುದು" ಎಂದರು. ತಾಳ ಹಾಕುತ್ತಿದ್ದ ಹಿಟ್ಟಿನ ಗಿರಣಿಯ ಕಾಕಾನನ್ನು ತಬಲಾಕ್ಕೆ ಕೂಡಿಸುವುದೆಂದಾಯಿತು. ಗಿರಣಿ ಸದ್ದಿನಲ್ಲಿ ಕಾಕಾನ ಕಿವಿ ಅರ್ಧ ಹೋಗಿತ್ತು, ಆದರೆ ಲಯ ಅವನಿಗೆ ನೆಲದಿಂದ ತಿಳಿಯುತ್ತಿತ್ತು. ಹಾಡುವವರು ಜೇವರ್ಗಿಯ ಗೊಬ್ಬರದಂಗಡಿಯ ಯಜಮಾನರು. ತಾಳವನ್ನು ಅವರೇ ಹಿಡಿಯುವುದೆಂದಾಯಿತು. ಕೊನೆಗೆ ಮಾಸ್ತರು, "ನಾ ಚಿಪಳಿ ಹಿಡಿತೇನಿ" ಎಂದರು. ಚಿಪಳಿ ಅಂದರೆ ಗೆಜ್ಜೆ ಬಿಲ್ಲೆ ಕಟ್ಟಿದ ಎರಡು ಕಟ್ಟಿಗೆ ತುಂಡು, ಒಂದೇ ಕೈಯಲ್ಲಿ ಆಡಿಸುವಂಥದು. ಇಪ್ಪತ್ತು ವರ್ಷ ಅದನ್ನು ಅವರು "ಕೂಸಿನ ಗಿಲಕಿ" ಎಂದು ಕರೆದಿದ್ದರು. ಯಾರೂ ನಗಲಿಲ್ಲ.

ನಾನು ಮಾತ್ರ ಒಳಗೊಳಗೇ ಹಿಗ್ಗಿ ಹೀರೇಕಾಯಿಯಾಗಿದ್ದೆ. ಮೇಲೆ ಮಾಸ್ತರ ಬಗ್ಗೆ ಕನಿಕರದ ಮುಖ ಮಾಡಿಕೊಂಡು, ಕೆಳಗೆ ಹೊಲಿಗೆ ಯಂತ್ರದ ಹಲಗೆಯ ಮೇಲೆ ಬೆರಳು ಆಡಿಸಿ ಅಭ್ಯಾಸ ಮಾಡಿದೆ. ತಬಲಾದವನು ಎಂದೂ ಪಕ್ಕವಾದ್ಯ. ಪೇಟಿಯವನ ಮುಖ ನೋಡಿ ಮಂದಿ ತಲೆದೂಗುತ್ತಾರೆ. ಒಂದು ಸಲವಾದರೂ ಮಂದಿ ನನ್ನ ಸ್ವರಕ್ಕೆ ತಲೆದೂಗಲಿ ಎಂಬ ಆಸೆ ಇತ್ತು, ಈಗ ಮುಚ್ಚಿಡುವುದೇಕೆ.

ಹೊರಡುವ ಬೆಳಗ್ಗೆ ಮಾಸ್ತರನ್ನು ಕರೆಯಲು ಹೋದಾಗ ಅವರ ಹೆಂಡತಿ ನನ್ನನ್ನು ಒಲೆಯ ಹತ್ತಿರ ಕರೆದರು. ನಾವು ಅವರಿಗೆ ಅವ್ವ ಎನ್ನುತ್ತಿದ್ದೆವು. ರೊಟ್ಟಿ ಬಡಿಯುತ್ತಲೇ ಸಣ್ಣ ದನಿಯಲ್ಲಿ ಹೇಳಿದರು. "ತಮ್ಮಾ, ಸಪ್ತಾಹದಾಗ ನಾ ಒಂದ್ ದಿನಾನೂ ಮುಂದ ಬಂದು ಕುಂತು ಕೇಳಿಲ್ಲ. ಹಿಂದ ಅಡಗಿ ಮನ್ಯಾಗ ಇವರ ಪೇಟಿ ಕೇಳ್ಕೋತ ರೊಟ್ಟಿ ಬಡದಾಕಿ. ಈಗ ಎರಡ್ ವರ್ಷಾತು, ಮನಿ ಬಿಕೋ ಅಂತೈತಿ. ಹೆಂಗರ ಮಾಡಿ ಆ ಕ್ಯಾಸೆಟ್ಟಿನ್ಯಾಗ ಇವರ ಕೈಲಿಂದ ಒಂದ್ ನಾಕ್ ಸ್ವರ ಹಾಕ್ಸು. ನಾ ಹೇಳಿದೆ ಅಂತ ಅನಬ್ಯಾಡ."

"ಆತವ್ವ" ಎಂದುಬಿಟ್ಟೆ. ಬಾಯಿಂದ ಬಂದ ಮೇಲೆ ಗಾಬರಿಯಾಯಿತು. ಆ ಮನುಷ್ಯನಿಗೆ ಪೇಟಿ ಮುಟ್ಟಿರೆಂದು ಹೇಳುವುದೂ ಒಂದೇ, ಹೋರಿಯ ಕೋಡು ಹಿಡಿಯುವುದೂ ಒಂದೇ. ಅದಲ್ಲದೆ ಅವರು ಮುಟ್ಟಿದರೆ ನನ್ನ ಪಾಲಿನ ಪೇಟಿಯ ಗತಿ ಏನು ಎಂಬ ಕೆಟ್ಟ ಯೋಚನೆಯೂ ಬಂತು. ಬಂದದ್ದು ಖರೆ.

ಬಸ್ಸಿನಲ್ಲಿ ಪೇಟಿ ನನ್ನ ತೊಡೆಯ ಮೇಲಿತ್ತು. ಅದರ ಗಾಳಿ ಒತ್ತುವ ತಿದಿಯ ಕೊಂಡಿ ಸಡಿಲ. ಆ ದಾರಿಯ ಒಂದೊಂದು ಗುಂಡಿಗೆ ಬಸ್ಸು ಕುಪ್ಪಳಿಸಿದಾಗ ತಿದಿ ಒತ್ತಿ, ನನ್ನ ಮೊಣಕೈ ತಾಗಿದ ಕರಿ-ಬಿಳಿ ಮನೆಯಿಂದ ಒಂದು ಸ್ವರ ಹೊರಡುತ್ತಿತ್ತು. ಮುಂದಿನ ಸೀಟಿನಲ್ಲಿ ಕೂತ ಮಾಸ್ತರು ತಿರುಗಿ ನೋಡದೆ, "ಕೋಮಲ ನಿಷಾದ" ಎನ್ನುತ್ತಿದ್ದರು. ಇನ್ನೊಂದು ಗುಂಡಿ. "ಪಂಚಮ. ಗುಂಡಿನೂ ನಿನಗಿಂತ ಶುದ್ಧ ಬಾರಸಾಕತ್ತಾವ." ಜೇವರ್ಗಿ ಯಜಮಾನರು ಗಂಟಲು ಕೆಡುತ್ತದೆಂದು ಹಿಂದಿನ ದಿನದಿಂದ ಮೌನ ಹಿಡಿದಿದ್ದರು, ಬಾಯಲ್ಲಿ ಜ್ಯೇಷ್ಠಮಧುವಿನ ತುಂಡು. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದರೆ ಬೆರಳಿನಿಂದ ಗಾಳಿಯಲ್ಲಿ ಆಳಂದ ಎಂದು ಬರೆದು ತೋರಿಸಿದರು. ಕಂಡಕ್ಟರ್ ಪಾಪ, ಮೂಕರೆಂದು ತಿಳಿದು ಕಿಟಕಿ ಸೀಟು ಬಿಡಿಸಿಕೊಟ್ಟ.

ರೆಕಾರ್ಡಿಂಗ್ ಕೋಣೆ ಆಳಂದದ ಬಜಾರದಲ್ಲಿ ಒಂದು ಮಾಳಿಗೆಯ ಮೇಲಿತ್ತು. ಕೋಣೆ ಅನ್ನುವುದಕ್ಕಿಂತ ದೊಡ್ಡ ಕಪಾಟು ಅನ್ನಬಹುದು. ಹೊರಗಿನ ಸದ್ದು ಬಾರದಂತೆ ನಾಲ್ಕೂ ಗೋಡೆಗೆ ಹಳೆ ಬಟ್ಟೆ ಸೇರಿಸಿ ಹೊಲಿದ ಕೌದಿ ಹೊಡೆದಿದ್ದರು, ಬಾಗಿಲಿಗೂ ಕೌದಿ. ಅದರ ಸಾಹೇಬರು ದಪ್ಪ ಕನ್ನಡಕದ ಸಮಾಧಾನದ ಮನುಷ್ಯ. ಹರೆಯದಲ್ಲಿ ಮುಂಬೈಯ ದೊಡ್ಡ ಹೋಟೆಲಿನಲ್ಲಿ ಜಾಜ್ ಬಾರಿಸುವವರ ಪೆಟ್ಟಿಗೆ ಹೊರುತ್ತಾ ಕೆಲಸ ಕಲಿತವರಂತೆ. ನಾವು ಒಳಗೆ ಬಂದ ಕೂಡಲೇ ಹೇಳಿದರು. "ನೋಡ್ರಿ, ಕರೆಂಟು ಎರಡು ಗಂಟೀಗಿ ಹೋಗ್ತದ, ಆಮ್ಯಾಲ ನಾಳೇನೇ. ಟೇಪು ಎರಡೇ ಅವ. ಜರಾ ಹುಷಾರಿಲೆ ಬಾರಸ್ರಿ."

ಎರಡು ಕೌದಿ ಅಗಲದ ಜಾಗದಲ್ಲಿ ಕೂತೆವು. ನನ್ನ ಬಲಕ್ಕೆ ಚಿಪಳಿ ಹಿಡಿದ ಮಾಸ್ತರು, ನಡುವೆ ಪೇಟಿಯೊಂದಿಗೆ ನಾನು, ಎಡಕ್ಕೆ ತಬಲಾದ ಕಾಕಾ, ಅವನ ಪಕ್ಕ ತಾಳ ಹಿಡಿದ ಯಜಮಾನರು. ಚಕ್ಕಳಮಕ್ಕಳ ಹಾಕಿದರೆ ಮೊಣಕಾಲಿಗೆ ಮೊಣಕಾಲು. ಸಾಹೇಬರು ಪ್ರತಿ ವಾದ್ಯದ ಮುಂದೆ ಒಂದೊಂದು ಮೈಕ್ ಇಟ್ಟು ಗಾಜಿನ ಕಿಂಡಿಯ ಹಿಂದೆ ಹೋಗಿ ಕೈ ಬೀಸಿದರು. ಶುರು ಮಾಡಿದೆವು.

ಪದದ ಮೊದಲ ನುಡಿ, ಅಂದರೆ ಚರಣ, ಚೆನ್ನಾಗಿ ಬಂತು. ಎರಡನೆಯದರಲ್ಲಿ ಯಜಮಾನರು ಮೇಲಿನ ಸ್ವರಕ್ಕೆ ಎದ್ದರು, ಸ್ವರದ ಜೊತೆ ಮೈಯೂ ಎದ್ದಿತು, ಅವರ ಮೊಣಕಾಲು ಕಾಕಾನ ಮೊಣಕಾಲಿಗೆ ಬಡಿಯಿತು. ಕಾಕಾ ನೇಮದ ಮನುಷ್ಯ. ತಬಲಾ ಕೇಳಿದರೆಂದು ತಿಳಿದು, ಪೆಟ್ಟು ತಪ್ಪದಂತೆ ತಬಲಾದ ಎರಡೂ ತುಂಡನ್ನು ಅವರ ಮುಂದೆ ಸರಿಸಿ, ಅವರ ತಾಳ ತಾನು ತೆಗೆದುಕೊಂಡ. ಯಜಮಾನರೂ ಸಪ್ತಾಹದಲ್ಲಿ ಪಳಗಿದವರೇ, ಮುಂದೆ ಬಂದದ್ದನ್ನು ಹಾಡುತ್ತಲೇ ಬಾರಿಸತೊಡಗಿದರು. ಸರಿಯುವ ಗದ್ದಲದಲ್ಲಿ ಕಾಕಾನ ಮೊಣಕಾಲು ನನಗೆ ತಾಗಿತು. ನಾನು ಯೋಚಿಸಲೇ ಇಲ್ಲ, ದೇವರಾಣೆ. ಪೇಟಿ ಕಾಕಾನ ಮುಂದೆ ಹೋಯಿತು, ತಾಳ ನನ್ನ ಕೈಗೆ ಬಂತು. ಈಗ ತಬಲಾದ ಮೈಕಿನ ಮುಂದೆ ಪೇಟಿ, ಪೇಟಿಯ ಮೈಕಿನ ಮುಂದೆ ತಾಳ. ಗಾಜಿನ ಹಿಂದೆ ಸಾಹೇಬರು ಎರಡೂ ಕೈ ಬೀಸುತ್ತಿದ್ದರು. ಸಂತೋಷವಾಗಿದೆಯೆಂದು ತಿಳಿದು ನಾವು ಇನ್ನೂ ಜೋರು ಮಾಡಿದೆವು. ಪದ ಮುಗಿಯಿತು, ಬಾಲಕ್ಕೆ ತಲೆ ಕಟ್ಟಿ ಇನ್ನೊಂದು ಹಿಡಿದೆವು. ಹೀಗೆ ನಾಲ್ಕು ಪದ. ಸಾಹೇಬರು ಒಳಗೆ ಬಂದು ಯಜಮಾನರ ಬಾಯಿಯ ಮೇಲೆ ಕೈ ಇಟ್ಟಾಗಲೇ ನಿಂತದ್ದು.

"ಏನ್ರಿ ಇದು, ಮೈಕ್ ಇಟ್ಟು ಬಾಗಿಲಾ ಹಾಕೂದ್ರಾಗ ವಾದ್ಯಾನೇ ಊರು ಬಿಟ್ಟಾವ" ಎಂದರು ಸಾಹೇಬರು. ಒಂದು ಟೇಪು ಹಾಳಾಗಿತ್ತು. ನಾನು ಕೋಣೆ ಸಣ್ಣದೆಂದೆ. "ಕುಣ್ಯಾಕ ಬರದಾಕಿ ನೆಲ ಡೊಂಕ ಅಂದ್ಲಂತ" ಎಂದರು ಮಾಸ್ತರು. ಮೊಣಕಾಲಿನ ನೇಮವನ್ನು ಸಾಹೇಬರಿಗೆ ವಿವರಿಸಿದವರೂ ಅವರೇ, ಪಾಠ ಹೇಳಿದ ಹಾಗೆ.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಸಿಟ್ಟು ಇಳಿದಿತ್ತು. "ನಾ ಇಂಥಾದ್ದು ಕೇಳೇನಿ, ನೋಡಿರ್ಲಿಲ್ಲ. ಹೊರದೇಶದ ಜಾಜ್ ಮಂದೀಗಿ ಈ ಹುಚ್ಚು ಅದ. ಜನ್ಮ ಪೂರಾ ತುತ್ತೂರಿ ಊದಿದಾಂವ ಒಮ್ಮಿಂದೊಮ್ಮೆ ಪಿಯಾನೊ ಬಾರ್ಸಿ ಇಡೀ ರೆಕಾರ್ಡ್ ತುಂಬ್ತಾನ. ಡೋಲು ಬಡಿಯಾಂವ ಪಿಟೀಲು ಹಿಡೀತಾನ."

ಮಾಸ್ತರು ಗಂಭೀರವಾಗಿ ಕೇಳಿದರು. "ಹಂಗಾರ ಅವರೂ ಸಪ್ತಾಹ ಮಾಡ್ತಾರೇನ್ರಿ?"

"ಇಲ್ರಿ, ಸುಮ್ಮ ಮನಸಿಗಿ ಬಂದು ಮಾಡ್ತಾರ."

"ಛಲೋ ಬಾರಸ್ತಾರೇನು?"

"ಎಲ್ಲಿ ಛಲೋ. ಕೈ ತಡವರಿಸ್ತದ, ತಪ್ಪತದ. ಆದ್ರ ನಮ್ಮ ಹೋಟೆಲಿನ್ಯಾಗ ಅಂಥಾವ ಒಂದ್ ರೆಕಾರ್ಡ್ ಇತ್ತು. ಹಾಕಿದ್ರ ಬ್ಯಾಂಡಿನವರು ಎರಡನೇ ಸ್ವರಕ್ಕ ಗುರ್ತು ಹಿಡೀತಿದ್ರು, ಇದು ಅವಂದೇ ಅಂತ. ವಾದ್ಯ ಬ್ಯಾರೆ ಆದ್ರೇನ್ರಿ, ಮನಷಾ ಅಂವಾನೇ ಅಲ್ಲೇನು."

ಮಾಸ್ತರು ಚಿಪಳಿಯನ್ನು ನೆಲಕ್ಕಿಟ್ಟು, ಎಡಗೈಯ ಬೆರಳುಗಳನ್ನು ಒಮ್ಮೆ ಮಡಚಿ ಬಿಚ್ಚಿ ನೋಡಿಕೊಂಡರು.

ಉಳಿದ ಒಂದು ಟೇಪಿಗೆ ಸಾಹೇಬರು ಭದ್ರ ಏರ್ಪಾಡು ಮಾಡಿದರು. ಗೋಡೆಯ ಕೌದಿಗಳನ್ನು ಕಿತ್ತು, ಸುರುಳಿ ಸುತ್ತಿ, ಅಕ್ಕಪಕ್ಕದವರ ಮೊಣಕಾಲುಗಳ ನಡುವೆ ಒಂದೊಂದು ತುರುಕಿದರು. ಪದ ಮುಗಿದಾಗ ಕೈ ಎತ್ತುತ್ತೇನೆ, ಎತ್ತಿದಾಗ ನಿಲ್ಲಿಸಲೇಬೇಕು ಎಂದು ಎಲ್ಲರಿಂದ ಮಾತು ತೆಗೆದುಕೊಂಡರು. ಕಾಕಾನಿಗೆ ಮಾತ್ರ ಎರಡು ಸಲ ಕೂಗಿ ಹೇಳಬೇಕಾಯಿತು. ಹೀಗೆ ಕುಪ್ಪಸ ತೊಡಿಸಿದ ಕೊಡಗಳ ಹಾಗೆ ಕೂತು ಒಂದರ ಹಿಂದೊಂದು ಒಂಬತ್ತು ಪದ ಮುಗಿಸಿದೆವು. ನನ್ನ ಪೇಟಿ ಚೆನ್ನಾಗಿಯೇ ನಡೆದಿತ್ತು. ಯಜಮಾನರು ಎರಡು ಸಲ ನನ್ನ ಕಡೆ ನೋಡಿ ತಲೆದೂಗಿದರು. ಆದರೆ ಪ್ರತಿ ಪದಕ್ಕೂ ಅವ್ವನ ಮಾತು ನೆನಪಾಗುತ್ತಿತ್ತು. ಎರಡು ಸಲ ಪೇಟಿಯನ್ನು ಒಂದು ಗೇಣು ಬಲಕ್ಕೆ ಸರಿಸಿ ಮಾಸ್ತರ ಮುಖ ನೋಡಿದೆ. ಅವರು ಚಿಪಳಿ ಆಡಿಸುತ್ತಾ ನೆಟ್ಟಗೆ ಮುಂದೆ ನೋಡುತ್ತಿದ್ದರು. ಒಂದೂ ಮಾತ್ರೆ ತಪ್ಪಿರಲಿಲ್ಲ. ನನಗೆ ಇಪ್ಪತ್ತು ವರ್ಷದ ಸಿಟ್ಟೆಲ್ಲ ಒಮ್ಮೆಲೆ ಬಂತು. ಇಷ್ಟು ಸೊಕ್ಕು ಯಾತಕ್ಕೆ ಈ ಮುದುಕನಿಗೆ ಎನ್ನಿಸಿತು.

ಕೊನೆಯ ಪದ. ಮಾಸ್ತರು ಸಪ್ತಾಹ ಮುಗಿಸುವಾಗ ನುಡಿಸುತ್ತಿದ್ದ ಭೈರವಿಯದು. ಎರಡು ಗಂಟೆಗೆ ಸ್ವಲ್ಪವೇ ಉಳಿದಿತ್ತು. ಎರಡು ನುಡಿ ಆಗಿತ್ತು. ಮೂರನೆಯದಕ್ಕೆ ಮೊದಲು ಪೇಟಿ ಒಂದೇ ನುಡಿಯುವ ಜಾಗ ಬರುತ್ತದೆ. ಅಲ್ಲಿಗೆ ಬಂದಾಗ ಚಿಪಳಿ ನಿಂತಿತು. ಕೌದಿಯ ಸುರುಳಿ ದಾಟಿ ಒಂದು ಎಡಗೈ ಬಂದು ನನ್ನ ಮೊಣಕಾಲನ್ನು ತಟ್ಟಿತು. ಹೊಡೆಯಲಿಲ್ಲ, ತಟ್ಟಿತು.

ತಟ್ಟಿಸಿಕೊಂಡವನು ಇಲ್ಲ ಎನ್ನುವಂತಿಲ್ಲ. ಪೇಟಿಯನ್ನು ಸರಿಸಿದೆ. ಅವರ ಎಡಗೈ ಸ್ವರದ ಮನೆಗಳ ಮೇಲೆ ಬಂತು. ಆದರೆ ತಿದಿ ಒತ್ತುವವರು ಯಾರು? ಅವರ ಬಲಗೈ ಮಡಿಲಲ್ಲಿ ಬಿದ್ದಿತ್ತು. ನಾನು ಪಕ್ಕದಿಂದ ಬಗ್ಗಿ ಬಲಗೈ ಚಾಚಿ ತಿದಿ ಒತ್ತಿದೆ. ಅವರೂ ತಪ್ಪು ಕೈ, ನಾನೂ ತಪ್ಪು ಕೈ. ಮೊದಲ ಎರಡು ಸ್ವರ ತಡವರಿಸಿದವು, ಒಂದು ತಪ್ಪು ಮನೆಗೆ ಬಿತ್ತು. ಮಾಸ್ತರು ತುಟಿ ಅಲುಗಿಸದೆ, "ಗಾಳಿ ಕೊಡಾಕತ್ತೀಯೋ, ಬೀಸಣಿಕಿ ಬೀಸಾಕತ್ತೀಯೋ" ಎಂದರು. ಆಮೇಲೆ ಬಂತು. ನಿಧಾನಕ್ಕೆ, ಒಂದೊಂದೇ ಸ್ವರ, ನಡುವೆ ಮೊದಲಿದ್ದಷ್ಟು ಕುಸುರಿ ಇಲ್ಲ, ಆದರೆ ಭೈರವಿ ಅವರದೇ. ನನ್ನ ಕಣ್ಣು ತುಂಬಿ ಬಂತು; ಬಲಗೈ ತಿದಿಯ ಮೇಲೆ, ಎಡಗೈಯಲ್ಲಿ ಅವರಿಂದ ತೆಗೆದುಕೊಂಡ ಚಿಪಳಿ, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಗಾಜಿನ ಹಿಂದೆ ಸಾಹೇಬರು ನಿಲ್ಲಿಸಲು ಕೈ ಎತ್ತಿದರು, ಎತ್ತಿದ್ದನ್ನು ತಮ್ಮ ತಲೆಯ ಮೇಲೇ ಇಟ್ಟುಕೊಂಡು ಕೂತರು. ಯಜಮಾನರು ಮೂರನೆಯ ನುಡಿ ಹಾಡಿ ಮುಗಿಸಿದರು. ಮಾಸ್ತರು ನಿಲ್ಲಿಸಲಿಲ್ಲ. ಬಲ್ಬು ಕೆಂಪಗಾಯಿತು, ಮಂದವಾಯಿತು, ಆರಿತು. ಕತ್ತಲೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ನುಡಿಸಿದರು. ಅದು ಟೇಪಿನಲ್ಲಿಲ್ಲ.

ಹೊದಿಕೆಗೆ ಹೆಸರು ಬರೆಸುವಾಗ ಸಾಹೇಬರು ಪೇಟಿ ಯಾರೆಂದು ಕೇಳಿದರು. ನಾನು ಮಾಸ್ತರ ಹೆಸರು ಹೇಳಿದೆ. ಮಾಸ್ತರು ನನ್ನ ಹೆಸರು ಹೇಳಿದರು. ಐದು ನಿಮಿಷ ಜಗಳವಾಯಿತು. "ಒಂಬತ್ತು ಪದ ಹಾಳ ಮಾಡಿದಾಂವ ನೀನು, ಹೆಸರು ನಂದ್ಯಾಕ ಕೆಡಸ್ತಿ? ನಂದು ಚಿಪಳಿ ಅಂತ ಹಾಕ್ರಿ" ಎಂದರು. ಹಾಗೇ ಅಚ್ಚಾಯಿತು. ತಾವು ಪೇಟಿ ಮುಟ್ಟಿದ್ದನ್ನು ಮನೆಯಲ್ಲಿ ಹೇಳಿದರೆ ಚರ್ಮ ಸುಲಿಯುತ್ತೇನೆಂದು ನನಗೆ ಬಸ್ಸಿನಲ್ಲಿ ತಾಕೀತು ಮಾಡಿದರು.

ತಿಂಗಳ ನಂತರ ಕ್ಯಾಸೆಟ್ ಬಂತು. ಟೇಪ್ ರೆಕಾರ್ಡರ್ ಹೊತ್ತು ಮಾಸ್ತರ ಮನೆಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದರು. ಹೊದಿಕೆಯ ಮೇಲಿದ್ದದ್ದನ್ನು ಓದಿ ಹೇಳಿದೆ. ಪೇಟಿ ನಾನು, ಚಿಪಳಿ ಮಾಸ್ತರು ಎಂದಾಗ ನನ್ನನ್ನೊಮ್ಮೆ ನೋಡಿ, "ಆತು ಬಿಡು" ಎಂದು ಹಿಟ್ಟು ತೆಗೆದುಕೊಂಡರು. ಒಂಬತ್ತು ಪದ ಮುಗಿದವು. ಆಕೆಯ ಕೈ ಒಮ್ಮೆಯೂ ನನ್ನ ಪೇಟಿಯ ಲಯಕ್ಕೆ ಹೊಂದಲಿಲ್ಲ, ನಾನು ಲೆಕ್ಕವಿಟ್ಟು ನೋಡುತ್ತಿದ್ದೆ. ಮಾಸ್ತರು ಮಂಚದ ಮೇಲೆ ಗೋಡೆ ನೋಡಿಕೊಂಡು ಮಲಗಿದ್ದರು.

ಕೊನೆಯ ಪದದ ಎರಡು ನುಡಿ ಮುಗಿಯಿತು. ತಡವರಿಸಿದ ಆ ಎರಡು ಸ್ವರ ಬಂದವು. ಅವ್ವನ ಕೈ ರೊಟ್ಟಿಯ ಮೇಲೆ ನಿಂತಿತು. ಆಕೆ ಮಂಚದ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ, ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು ಕೇಳಿದರು. ಆವತ್ತು ಕರೆಂಟು ಇಳಿದು ರೆಕಾರ್ಡಿಂಗ್ ಯಂತ್ರ ನಿಧಾನವಾಗಿದ್ದ ಕೊನೆಯ ಭಾಗ ಕ್ಯಾಸೆಟ್ಟಿನಲ್ಲಿ ಉಲ್ಟಾ ವೇಗ ಹಿಡಿದು, ಸ್ವರ ಏರುತ್ತಾ ಏರುತ್ತಾ ಸೊಳ್ಳೆಯ ದನಿಯಷ್ಟು ಸಣ್ಣದಾಗಿ ಕಡಿಯಿತು.

"ಕೈ ಇವರದು" ಎಂದರು ಅವ್ವ. "ತಿದಿ ಬ್ಯಾರೆಯವರು ಒತ್ಯಾರ."

ಮಾಸ್ತರು ಗೋಡೆಯ ಕಡೆಯಿಂದಲೇ, "ರೊಟ್ಟಿ ಹೊತ್ತಾಕತ್ತೈತಿ ನೋಡಬೇ" ಎಂದರು. ನಿಜವಾಗಿಯೂ ಹೆಂಚಿನ ಮೇಲಿನ ರೊಟ್ಟಿ ಕಪ್ಪಗಾಗಿತ್ತು. ಅವ್ವ ಅದನ್ನು ತೆಗೆದು ಪಕ್ಕಕ್ಕಿಟ್ಟು, ಹಿಟ್ಟಿನ ಕೈಯಿಂದಲೇ ನನ್ನ ಮೊಣಕಾಲನ್ನು ತಟ್ಟಿ, ಕ್ಯಾಸೆಟ್ಟನ್ನು ಹಿಂದಕ್ಕೆ ತಿರುವಿ ಆ ಪದವನ್ನೇ ಮತ್ತೆ ಹಾಕೆಂದರು.